ಮುಂಜಾನೆ ಮಾತ್ರ ಕೆಡುವ ಮಷೀನು

ಮನೆಯಲ್ಲಿ ಏನಾದರೂ ಕೆಟ್ಟರೆ ತಿಳಿದವರು ಅದು ಹೇಗೆ ಕೆಟ್ಟಿತು ಎಂದು ಕೇಳುತ್ತಾರೆ. ನಾನು ಅದನ್ನು ಯಾರು ಮುಟ್ಟಿದರು ಎಂದು ಕೇಳುತ್ತೇನೆ. ಓದಿದ್ದು ಮೂರನೇ ಇಯತ್ತೆ, ವಯಸ್ಸು ಎಪ್ಪತ್ತೊಂದು, ನನಗೆ ಬರುವ ರಿಪೇರಿ ಇದೊಂದೇ. ಮಿಕ್ಸಿ ಸುಟ್ಟ ವಾಸನೆ ಬಂದರೆ ಸೊಸೆ ಶಾಂತಾ, ನಳ ಸೋರಿದರೆ ಮೊಮ್ಮಗಳು, ಗೋಡೆಯ ಗಡಿಯಾರ ನಿಂತರೆ ನನ್ನ ಯಜಮಾನರು. ಅವರು ತೀರಿಕೊಂಡು ಒಂಬತ್ತು ವರ್ಷವಾಯಿತು. ಆದರೂ ಗಡಿಯಾರ ನಿಂತಾಗ ನಾನು ನೋಡುವುದು ಅವರ ಫೋಟೊದ ಕಡೆಗೇ. ಬದುಕಿದ್ದಾಗ ಅದರ ಮುಳ್ಳನ್ನು ತಿರುಗಿಸಬಾರದ ಕಡೆಗೆ ತಿರುಗಿಸಿ ಇಟ್ಟವರು ಅವರೇ. ಹೀಗೆ ಇಷ್ಟು ವರ್ಷಗಳಲ್ಲಿ ನಾನು ಹೊರಿಸಿದ ತಪ್ಪುಗಳಲ್ಲಿ ಹೆಚ್ಚಿನವು ಸರಿಯಾದವರ ತಲೆಯ ಮೇಲೇ ಹೋಗಿ ಕೂತಿವೆ. ಉಳಿದವುಗಳ ಬಗ್ಗೆ ಯಾರೂ ನನ್ನ ಮುಂದೆ ಬಂದು ಮಾತಾಡಿಲ್ಲ, ಹಾಗಾಗಿ ಅವೂ ಸರಿಯೇ ಇರಬೇಕೆಂದು ತಿಳಿದುಕೊಂಡಿದ್ದೆ.

ನನ್ನ ಮಗ ಬಸವರಾಜನ ಹತ್ತಿರ ಒಂದು ಮಷೀನು ಇದೆ. ಕಬ್ಬಿಣದ ಚೈನಿನ ಮೇಲೆ ನಡೆಯುವ, ಉದ್ದ ಕೈ ಚಾಚಿ ಬಕೆಟ್ಟಿನಿಂದ ಮಣ್ಣು ತೋಡುವ ದೊಡ್ಡ ಯಂತ್ರ. ನಮ್ಮ ಕಡೆ ಜನ ಇಂಥದ್ದನ್ನು ಯಾವುದೋ ಒಂದು ಕಂಪನಿಯ ಹೆಸರು ಹಿಡಿದು ಕರೆಯುತ್ತಾರೆ, ಅದನ್ನು ಮಾಡಿದ ಕಂಪನಿ ಬೇರೆಯೇ ಆಗಿದ್ದರೂ. ನಾನು ಸುಮ್ಮನೆ ಮಷೀನು ಎನ್ನುತ್ತೇನೆ. ಅದನ್ನು ನಡೆಸುವವನು ಹನುಮಂತ, ರಾಣೆಬೆನ್ನೂರಿನ ಆಚೆಯ ಹಳ್ಳಿಯವನು, ನಮ್ಮಲ್ಲಿಗೆ ಬಂದು ಒಂಬತ್ತು ವರ್ಷ. ಯಜಮಾನರು ಹೋದ ವರ್ಷವೇ ಅವನು ಬಂದ. ಎರಡಕ್ಕೂ ಸಂಬಂಧವಿಲ್ಲ, ಲೆಕ್ಕ ಇಡಲು ಸುಲಭ ಎಂದು ಹೇಳಿದೆ. ಅವನ ಕೈ ಒಳ್ಳೆಯದು. ನೆಲದೊಳಗೆ ನೀರಿನ ಪೈಪು ಇದ್ದರೆ ಬಕೆಟ್ಟಿನ ಹಲ್ಲಿನಿಂದ ಅದರ ಮೇಲಿನ ಮಣ್ಣನ್ನಷ್ಟೇ ಎತ್ತಿ ಪೈಪನ್ನು ಹಾಗೇ ಬಿಡುತ್ತಾನೆ. ಅಷ್ಟು ನಾಜೂಕಾಗಿ ಶಾಂತಾ ಮೊಸರಿನ ಕೆನೆ ತೆಗೆಯುವುದಿಲ್ಲ. ಆದರೆ ಮನುಷ್ಯ ಮೈಗಳ್ಳ. ಸೀಟು ಹತ್ತುವವರೆಗೆ ಅವನಂಥ ನಿಧಾನಸ್ಥ ಬ್ಯಾಡಗಿ ತಾಲೂಕಿನಲ್ಲಿಯೇ ಇಲ್ಲ.

ಈ ಚಳಿಗಾಲದಲ್ಲಿ ಮಷೀನಿಗೆ ಮನೆಯ ಹತ್ತಿರವೇ ಕೆಲಸ ಸಿಕ್ಕಿತು. ನಾವು ಇರುವುದು ಬ್ಯಾಡಗಿಯ ಹೊರಗೆ, ಕಾಗಿನೆಲೆ ರಸ್ತೆಯ ಬದಿಗೆ. ನಮ್ಮ ಮನೆಯಿಂದ ನಾಲ್ಕು ಹೊಲ ದಾಟಿದರೆ ಒಂದು ಕೆಂಪುಮಣ್ಣಿನ ದಿನ್ನೆ; ಅದನ್ನು ಕಡಿದು ಸಮ ಮಾಡಿ ಸೈಟು ಹಾಕುವವರಿದ್ದರು. ಬೆಳಗ್ಗೆ ಆರೂವರೆಗೆ ಐದು ಟಿಪ್ಪರ್ ಲಾರಿಗಳು ಬಂದು ಸಾಲಾಗಿ ನಿಲ್ಲುತ್ತಿದ್ದವು. ಹನುಮಂತ ತನ್ನ ಹೊತ್ತಿಗೆ ಬಂದು ಕೀಲಿ ತಿರುಗಿಸುತ್ತಿದ್ದ. ಎಂಜಿನ್ ಚಾಲೂ ಆಗುತ್ತಿತ್ತು, ಹಳದಿ ದೀಪ ಹತ್ತುತ್ತಿತ್ತು, ಅಷ್ಟೇ. ಬಕೆಟ್ಟು ಮಣ್ಣಿಗೆ ಹೋದ ಕೂಡಲೇ ಎಂಜಿನ್ನಿನ ದನಿ ಕುಸಿದು, ಜ್ವರ ಬಂದವರು ನರಳಿದಂತೆ ಕೇಳುತ್ತಿತ್ತು. ಟಿಪ್ಪರಿನವರು ಹಾರ್ನು ಹೊಡೆಯುತ್ತಿದ್ದರು. ಹೀಗೇ ಹತ್ತು ಗಂಟೆಯವರೆಗೆ. ಹತ್ತಕ್ಕೆ ದೀಪ ತಾನಾಗಿ ಆರಿ, ಮಷೀನು ಏನೂ ಆಗದವರಂತೆ ಸಂಜೆಯವರೆಗೆ ದುಡಿಯುತ್ತಿತ್ತು. ಮರುದಿನ ಬೆಳಗ್ಗೆ ಮತ್ತೆ ಅದೇ.

ಯಜಮಾನರ ಕಾಲದಲ್ಲಿ ಬಾವಿಯ ಮೇಲೆ ಒಂದು ಆಯಿಲ್ ಎಂಜಿನ್ ಇತ್ತು. ಅದು ಕೆಟ್ಟರೆ ಅವರು ಕಿವಿಗೊಟ್ಟು ಕೇಳಿ, ಒಂದು ಕಡೆ ಬಡಿದು, ಎರಡು ಬೈಗುಳ ಬೈದು ಚಾಲೂ ಮಾಡುತ್ತಿದ್ದರು. ಈಗಿನ ಎಂಜಿನ್ನಿಗೆ ಕಿವಿಗೊಡುವ ಕೆಲಸ ಮನುಷ್ಯರದಲ್ಲ. ಅದರೊಳಗೆ ಅಲ್ಲಲ್ಲಿ ಸೆನ್ಸರ್ ಎಂಬ ಬೆರಳುದ್ದದ ವಸ್ತುಗಳನ್ನು ಕೂರಿಸಿರುತ್ತಾರೆ. ಒಂದು ಶಾಖ ಎಷ್ಟು ಎಂದು ಹೇಳುತ್ತದೆ, ಒಂದು ಡೀಸೆಲ್ ಎಷ್ಟು ಜೋರಾಗಿ ಬರುತ್ತಿದೆ ಎಂದು ಹೇಳುತ್ತದೆ, ಇನ್ನೊಂದು ಗಾಳಿಯ ಒತ್ತಡ ಹೇಳುತ್ತದೆ. ಈ ಸುದ್ದಿಯೆಲ್ಲ ತಂತಿಗಳ ಮೂಲಕ ಒಂದು ಕಂಪ್ಯೂಟರಿಗೆ ಹೋಗುತ್ತದೆ. ಯಾವುದಾದರೂ ಸುದ್ದಿ ನಂಬುವಂತಿಲ್ಲ ಎನಿಸಿದರೆ ಆ ಕಂಪ್ಯೂಟರು ಎಂಜಿನ್ನಿನ ಶಕ್ತಿಯನ್ನೇ ಕಡಿಮೆ ಮಾಡಿಬಿಡುತ್ತದೆ, ಎಂಜಿನ್ ಹಾಳಾಗಬಾರದೆಂದು. ಬಸವರಾಜ ಇದನ್ನು ವಿವರಿಸಿದಾಗ ನನಗೆ ಕೂಡಲೇ ಅರ್ಥವಾಯಿತು. ಮನೆಯಲ್ಲಿ ಒಬ್ಬರ ಮಾತಿನ ಮೇಲೆ ನಂಬಿಕೆ ಬರದಿದ್ದರೆ ನಾನೂ ಮೊದಲು ಎಲ್ಲರ ಚಹಾ ನಿಲ್ಲಿಸುತ್ತೇನೆ.

ಹಾವೇರಿಯಿಂದ ಒಬ್ಬ ಮೆಕ್ಯಾನಿಕ್ ಬಂದು, ಕಂಪ್ಯೂಟರಿನಲ್ಲಿ ಗಾಳಿಯ ಸೆನ್ಸರಿನ ಹೆಸರು ಬರುತ್ತಿದೆ ಎಂದು ಹೇಳಿ, ಅದನ್ನು ತೆಗೆದು ಹೊಸದು ಹಾಕಿ ಹೋದ. ಎರಡು ದಿನ ಗಾಳಿ ಬೀಸಿತು, ಮಷೀನು ಚೆನ್ನಾಗಿ ನಡೆಯಿತು. ಮೂರನೆಯ ದಿನ ಮತ್ತೆ ಹಳದಿ ದೀಪ. ಅಷ್ಟು ಹೊತ್ತಿಗೆ ನನ್ನ ಪರೀಕ್ಷೆ ಮುಗಿದಿತ್ತು. ಚಳಿ ಇರುವಾಗ ಕೆಡುತ್ತದೆ, ಬಿಸಿಲು ಏರಿದ ಮೇಲೆ ಸರಿಹೋಗುತ್ತದೆ. ಕಬ್ಬಿಣಕ್ಕೆ ಚಳಿಯಾಗುತ್ತದೆಯೇ? ಮನುಷ್ಯನಿಗೆ ಆಗುತ್ತದೆ.

“ಹನ್ಮಂತ ತಂತಿ ಸಡಲ ಮಾಡಿ ಇಡಾಕತ್ತಾನ,” ಎಂದೆ ಮಗನಿಗೆ. “ಹತ್ತರ ತನಕ ಕೆಲಸ ತಪ್ಪತೈತಿ ಅವಗ.”

“ಸುಮ್ನಿರ್ ಬೇ ಯವ್ವಾ. ಒಂಬತ್ತು ವರ್ಷ ಆತು ಅವ ಬಂದು.”

“ಒಂಬತ್ತು ವರ್ಷದಾಗ ಒಂದಿನಾ ಹೇಳಿದ ಹೊತ್ತಿಗಿ ಬಂದಾನೇನು?”

ದಿನಾ ಊಟಕ್ಕೆ ಕೂತಾಗ ನಾನು ಇದನ್ನು ಹೇಳಿದೆ. ಮೂರು ವಾರ ಹೇಳಿದೆ. ಒಂದೇ ಮಾತನ್ನು ಮೂರು ವಾರ ಅನ್ನದ ಜೊತೆ ಬಡಿಸಿದರೆ ಅದು ಕೇಳುವವನ ಸ್ವಂತ ವಿಚಾರ ಆಗಿಬಿಡುತ್ತದೆ. ಕಡೆಗೆ ಒಂದು ದಿನ ಬಸವರಾಜನೇ ನನಗೆ ಹೇಳಿದ: “ಇನ್ನೊಬ್ಬ ಎಲೆಕ್ಟ್ರಿಷನ್ ಕರಸೇನಿ. ಅವ ನೋಡ್ಲಿ. ತಂತಿ ಯಾರರ ಮುಟ್ಯಾರ ಅಂತ ಅಂದ್ರ ಹನ್ಮಂತಗ ಅವತ್ತ ಕೊನೀ.” ಕೊನೆ ಎಂದರೆ ಬರೀ ನಮ್ಮಲ್ಲಿ ಕೊನೆಯಲ್ಲ. ಮಾಲಕರ ಮಷೀನಿನ ತಂತಿ ಕೀಳುವ ಆಪರೇಟರ್ ಎಂದು ಒಮ್ಮೆ ಹೆಸರು ಬಿದ್ದರೆ ಹಾವೇರಿಯಿಂದ ರಾಣೆಬೆನ್ನೂರಿನವರೆಗೆ ಯಾರೂ ಅವನನ್ನು ಸೀಟಿಗೆ ಹತ್ತಿಸುವುದಿಲ್ಲ. ನಲವತ್ತೈದು ದಾಟಿದವನು, ಬೇರೆ ಕೆಲಸ ಗೊತ್ತಿಲ್ಲ. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ ಒಂದು ತುತ್ತು ಕಡಿಮೆ ಉಣ್ಣಲಿಲ್ಲ.

ಎಲೆಕ್ಟ್ರಿಷನ್ ಮಾಲತೇಶ ರಾಣೆಬೆನ್ನೂರಿನಿಂದ ಮಧ್ಯಾಹ್ನ ಬಂದ. ಬೋಳುತಲೆಯ, ಕನ್ನಡಕದ, ಬ್ಯಾಂಕಿನವರಂತೆ ಕಾಣುವ ಮನುಷ್ಯ. ಒಂದು ಕೈಯಲ್ಲಿ ಲ್ಯಾಪ್‌ಟಾಪು, ಇನ್ನೊಂದರಲ್ಲಿ ಕೆಂಪು ಕಪ್ಪು ಕಡ್ಡಿಗಳಿರುವ ಮೀಟರು. ತಪ್ಪಿತಸ್ಥನನ್ನು ಹಿಡಿಯುವಾಗ ನಾನಿರಬೇಕೆಂದು ಕೊಡೆ ಹಿಡಿದು ದಿನ್ನೆಗೆ ಹೋಗಿ ನಿಂತಿದ್ದೆ. ಅವನು ಮಷೀನಿನ ಪಕ್ಕದ ಬಾಗಿಲು ತೆರೆದು, ಸೆನ್ಸರಿಗೆ ತಂತಿಗಳನ್ನು ಜೋಡಿಸುವ ಸಾಕೆಟ್ಟು ಬಿಚ್ಚಿ, ಅದರ ಮೂರು ಕಡ್ಡಿಗಳಿಗೆ ಒಂದೊಂದಾಗಿ ಮೀಟರು ಹಚ್ಚಿದ.

“ಏನು ನೋಡಾಕತ್ತೀಪಾ?” ಎಂದೆ.

“ಮೂರು ತಂತಿ ಅದಾವ್ರಿ ಅವ್ವಾರ. ಒಂದು ಕರೆಂಟ್ ತಂದು ಕೊಡತೈತಿ, ಒಂದು ವಾಪಸ್ ಒಯ್ತೈತಿ, ಇನ್ನೊಂದು ಸುದ್ದಿ ಹೇಳತೈತಿ. ಬರೂದು ಐದು ವೋಲ್ಟ್ ಬರಾಕತ್ತೈತಿ. ಸೆನ್ಸರ್ ಕಿತ್ತ ಮ್ಯಾಲೆ ಸುದ್ದಿ ತಂತ್ಯಾಗ ಸೊನ್ನಿ ಇರಬೇಕು, ಸೊನ್ನಿ ಐತಿ. ಎಲ್ಲಾ ಬರೋಬರಿ ಐತಿ.”

“ಹಂಗಾರ ತಂತಿ ಕೆಟ್ಟಿಲ್ಲ. ಕೆಡಸಾವರು ಕೆಡಸಾಕತ್ತಾರ.” ಹನುಮಂತ ಅಲ್ಲೇ ನಿಂತಿದ್ದ. ಅವನಿಗೆ ಕೇಳಲಿ ಎಂದೇ ಹೇಳಿದೆ.

ಮಾಲತೇಶ ನನ್ನ ಮಾತನ್ನು ಹಿಡಿದುಕೊಳ್ಳಲಿಲ್ಲ. ಕನ್ನಡಕ ಒರೆಸಿಕೊಂಡ. “ಕೆಟ್ಟಾಗ ನೋಡಬೇಕ್ರಿ ಇದನ್ನ. ಆರಾಮ ಇದ್ದಾಗ ದವಾಖಾನಿಗಿ ಹೋದ್ರ ಡಾಕ್ಟರ್ ಏನು ಹೇಳ್ತಾರ? ಮುಂಜಾನೆ ಕೆಡತೈತಿ, ಮಧ್ಯಾಹ್ನ ಬರೋಬರಿ ಆಕ್ಕೈತಿ. ಗಾಳಿ ಬೀಸಿದ ದಿನ ಕೆಡಲಿಲ್ಲ. ಅಂದ್ರ ಇಬ್ಬನಿ. ಎಲ್ಲೋ ಒಂದು ಕಡೆ ಥಂಡಿ ಹಿಡದು, ಆ ಹಸಿಯಾಗ ಕರೆಂಟ್ ಒಂದು ತಂತಿಯಿಂದ ಇನ್ನೊಂದಕ್ಕ ಜಿಗ್ಯಾಕತ್ತೈತಿ. ಆದ್ರ ಬರೇ ನೀರಿಗಿ ಇಷ್ಟು ಆಗೂದಿಲ್ಲ. ಥಂಡಿ ಜಗ್ಗೂವಂಥಾದ್ದು ಏನೋ ಕುಂತೈತಿ ಅಲ್ಲಿ. ನಾಳಿ ಮುಂಜಾನೆ ಆರಕ್ಕ ಬರ್ತೇನಿ. ಅಲ್ಲೀತನಾ ಯಾರೂ ಬಾಗಲಾ ತೆಗೀಬ್ಯಾಡ್ರಿ.”

ಥಂಡಿ ಜಗ್ಗುವಂಥದ್ದು. ಐವತ್ತು ವರ್ಷ ಒಲೆಯ ಮುಂದೆ ಕೂತವಳಿಗೆ ಅದರ ಹೆಸರು ಯಾರೂ ಹೇಳಿಕೊಡಬೇಕಿಲ್ಲ. ಉಪ್ಪಿನ ಡಬ್ಬಿಯ ಮುಚ್ಚಳ ತೆರೆದಿಟ್ಟರೆ ಬೆಳಗಾಗುವಷ್ಟರಲ್ಲಿ ಉಪ್ಪು ನೀರೊಡೆದಿರುತ್ತದೆ, ಬಿಸಿಲಿಗಿಟ್ಟರೆ ಮತ್ತೆ ಪುಡಿಯಾಗುತ್ತದೆ. ತಪ್ಪಿತಸ್ಥನನ್ನು ಹಿಡಿಯಲು ಬಂದವಳು ಕೊಡೆ ಹಿಡಿದು ಮನೆಯ ಕಡೆ ತಿರುಗಿದೆ.

ಇಲ್ಲಿ ಒಂದು ಸಂಗತಿ ಹೇಳಬೇಕು. ದೀಪಾವಳಿಯ ನಂತರ ಮಷೀನಿಗೆ ಕೆಲಸವಿರಲಿಲ್ಲ; ನಮ್ಮ ಹಿತ್ತಲಿನಲ್ಲಿ ಗೋವಿನಜೋಳದ ರಾಶಿಯ ಪಕ್ಕ ನಿಂತಿತ್ತು. ಜೋಳ ತಿಂದ ಇಲಿಗಳು ಸಂಜೆಯಾದರೆ ಮಷೀನಿನೊಳಗೆ ಹೋಗಿ ಮಲಗುತ್ತಿದ್ದವು, ಮಲಗಿದವು ಸುಮ್ಮನಿರದೆ ತಂತಿಯನ್ನೂ ಅಗಿಯುತ್ತಿದ್ದವು. ಒಮ್ಮೆ ಅಗಿದದ್ದನ್ನು ಬಸವರಾಜ ಟೇಪು ಸುತ್ತಿ ಸರಿ ಮಾಡಿಸಿದ. ಇದಕ್ಕೊಂದು ಕಾಯಂ ಉಪಾಯ ಮಾಡಬೇಕೆಂದು ಒಂದು ದಿನ ಮನೆಯಲ್ಲಿ ಯಾರೂ ಇಲ್ಲದಾಗ ನಾನು ಸ್ಟೂಲು ಹಾಕಿಕೊಂಡು ಚೈನಿನ ಮೇಲೆ ಹತ್ತಿ, ಬಾಗಿಲು ತೆರೆದೆ. ಸಾಕೆಟ್ಟಿನ ಹಿಂಭಾಗದಲ್ಲಿ ತಂತಿಗಳು ಒಳಗೆ ಹೋಗುವ ಕಡೆ ಇದ್ದ ರಬ್ಬರನ್ನು ಇಲಿ ತಿಂದು ಸಂದು ಮಾಡಿತ್ತು. ಆ ಸಂದಿಗೆ ರಂಜಕ ಮೆತ್ತಿದೆ. ರಂಜಕ ಎಂದರೆ ನಾವು ರೊಟ್ಟಿಗೆ ಹಚ್ಚಿಕೊಳ್ಳುವ ಕೆಂಪುಮೆಣಸಿನಕಾಯಿಯ ಖಾರ. ಬೆಳ್ಳುಳ್ಳಿ, ಲಿಂಬೆಹುಳಿ, ಉಪ್ಪು ಹಾಕಿ ರುಬ್ಬಿ ವರ್ಷವಿಡೀ ಇಡುವಂಥದ್ದು. ಇಲಿಗೆ ಬಾಯಿ ಸುಡಲಿ ಎಂಬ ವಿಚಾರ. ವಿಚಾರದಲ್ಲಿಯೇ ತಪ್ಪಿತ್ತು. ಬ್ಯಾಡಗಿಯಲ್ಲಿ ಹುಟ್ಟಿ ಬ್ಯಾಡಗಿಯಲ್ಲೇ ಮುದುಕಿಯಾದ ನಾನು, ನಮ್ಮೂರ ಮೆಣಸಿನಕಾಯಿಗೆ ಇರುವುದು ಬಣ್ಣ, ಖಾರವಲ್ಲ ಎಂಬುದನ್ನು ಮರೆತಿದ್ದೆ. ದೇಶದ ಬೇರೆ ಬೇರೆ ಕಡೆಯವರು ಬಂದು ಅದನ್ನು ಕೊಳ್ಳುವುದೇ ಆ ಕಾರಣಕ್ಕೆ. ಇಲಿಗಳಿಗೆ ನಾನು ಚಟ್ನಿ ಬಡಿಸಿದ ಹಾಗಾಗಿತ್ತು. ಅವು ಎಷ್ಟು ತಿಂದವೋ ಗೊತ್ತಿಲ್ಲ, ಉಪ್ಪು ಮಾತ್ರ ಸಾಕೆಟ್ಟಿನೊಳಗೆ ಉಳಿಯಿತು. ಹಾವೇರಿಯ ಮೆಕ್ಯಾನಿಕ್ಕನಿಗೆ ಅದು ಯಾಕೆ ಕಾಣಲಿಲ್ಲ ಎಂದರೆ, ಒಣಗಿದ ರಂಜಕಕ್ಕೂ ಆ ದಿನ್ನೆಯ ಮಣ್ಣಿಗೂ ಬಣ್ಣದಲ್ಲಿ ವ್ಯತ್ಯಾಸವಿಲ್ಲ.

ಇಷ್ಟು ತಿಳಿದ ಮೇಲೆ ಮರ್ಯಾದಸ್ಥರು ಮಗನನ್ನು ಕರೆದು ಹೇಳುತ್ತಿದ್ದರು. ನಾನು ಒರೆಸುವ ಬಟ್ಟೆ ಹುಡುಕಿದೆ. ಮರುದಿನ ಐದೂವರೆಗೆ ಚರಿಗೆಯಲ್ಲಿ ಬಿಸಿನೀರು, ಸೆರಗಿನಲ್ಲಿ ಹಳೆಯ ಲಂಗದ ತುಂಡು, ಒಂದು ಕೈಯಲ್ಲಿ ಸ್ಟೂಲು. ನಾಲ್ಕು ಹೊಲ ದಾಟುವಷ್ಟರಲ್ಲಿ ಸೀರೆಯ ಅಂಚು ಇಬ್ಬನಿಗೆ ತೊಯ್ದು ಕಾಲಿಗೆ ಸುತ್ತಿಕೊಂಡಿತ್ತು. ಸಾಕೆಟ್ಟಿನ ಮೇಲೆ ನೀರು ಹಾಕಿ ತಿಕ್ಕುತ್ತಿದ್ದೆ. ಪಾತ್ರೆ ತಿಕ್ಕಿ ಅಭ್ಯಾಸವಿರುವ ಕೈ, ಚೆನ್ನಾಗಿಯೇ ತಿಕ್ಕಿತು. ಆಗ ಕೆಳಗಿನಿಂದ ದನಿ ಬಂತು.

“ಏನು ಮಾಡಾಕತ್ತೀರಿ ಅವ್ವಾರ?”

ಹನುಮಂತ. ಒಂಬತ್ತು ವರ್ಷಗಳಲ್ಲಿ ಮೊದಲನೆಯ ಸಲ ಹೇಳಿದ ಹೊತ್ತಿಗಿಂತ ಮುಂಚೆ ಬಂದಿದ್ದ.

“ಧೂಳ ಆಗಿತ್ತು. ಒರಸಾಕತ್ತೇನಿ.”

ಅವನು ನನ್ನ ಕೈಯ ಬಟ್ಟೆ ನೋಡಿದ. ಅದು ಕೆಂಪಾಗಿತ್ತು, ಬೆಳ್ಳುಳ್ಳಿಯ ವಾಸನೆ ಬೇರೆ. ಕೈಚಾಚಿ ಚರಿಗೆ ತೆಗೆದುಕೊಂಡ, ಇನ್ನೊಂದು ಕೈ ಕೊಟ್ಟು ನನ್ನನ್ನು ಕೆಳಗಿಳಿಸಿದ, ಬಾಗಿಲು ಮುಚ್ಚಿದ. ಬಟ್ಟೆಯನ್ನು ನಾನು ಸೆರಗಿನೊಳಗೆ ತುರುಕಿಕೊಂಡೆ. ಅಷ್ಟರಲ್ಲಿ ಬಸವರಾಜ ಮತ್ತು ಮಾಲತೇಶ ಮೋಟರ್‌ಸೈಕಲ್ಲಿನ ಮೇಲೆ ಬಂದೇಬಿಟ್ಟರು.

“ನೀ ಯಾಕ ಬಂದೀ ಬೇ ಇಷ್ಟು ಲಗೂ?” ಎಂದ ಮಗ.

“ನೋಡಾಕ,” ಎಂದೆ.

ಮಾಲತೇಶ ಕ್ಯಾಬಿನ್ ಹತ್ತಿ ಲ್ಯಾಪ್‌ಟಾಪಿನ ತಂತಿ ಚುಚ್ಚಿದ. ಎಂಜಿನ್ ಚಾಲೂ ಮಾಡದೆ ಕೀಲಿಯನ್ನಷ್ಟೇ ತಿರುಗಿಸಿದ. “ಬರ್ರಿ ಸಾಹುಕಾರ್ರ, ಇಲ್ಲಿ ನೋಡ್ರಿ. ಎಂಜಿನ್ ನಿಂತೈತಿ. ಈಗ ಈ ಸೆನ್ಸರ್ ಹೊರಗಿನ ಗಾಳಿ ಎಷ್ಟೈತಿ ಅಷ್ಟ ಹೇಳಬೇಕು. ಆದ್ರ ಎಂಜಿನ್ ದಮ್ಮು ಹಿಡದು ಓಡಾಕತ್ತೈತಿ ಅಂತ ಹೇಳಾಕತ್ತೈತಿ.” ಆಮೇಲೆ ಕೆಳಗಿಳಿದು ಬಾಗಿಲು ತೆರೆದು, ಸೆನ್ಸರಿನಿಂದ ಸಾಕೆಟ್ಟು ಕಿತ್ತ. ಮೀಟರು ಹಚ್ಚಿದ. “ಈಗ ಹೇಳಾವನ ಇಲ್ಲ, ಸೆನ್ಸರ್ ಬಿಚ್ಚೇನಿ. ಆದ್ರೂ ಸುದ್ದಿ ಬರಾಕತ್ತೈತಿ. ಅಂದ್ರ ಸುಳ್ಳು ಹೇಳೂದು ಸೆನ್ಸರ್ ಅಲ್ಲ. ಹಿಂದ ಬದಲಿ ಮಾಡಿದ್ರಲ್ಲ, ಆ ಹಳೀದೂ ಬರೋಬರಿ ಇತ್ತು. ತಪ್ಪು ಇಲ್ಲೈತಿ, ಈ ಸಾಕೆಟ್‌ನ್ಯಾಗ.” ಸಾಕೆಟ್ಟನ್ನು ತಿರುವಿದ. ಅದರೊಳಗಿನಿಂದ ನಾಲ್ಕು ಹನಿ ನೀರು ಅವನ ಅಂಗೈಗೆ ಬಿದ್ದವು. ಅವನು ಅವುಗಳನ್ನು ಹೆಬ್ಬೆರಳಿನಿಂದ ಉಜ್ಜಿ ನೋಡಿದ. “ಇದು ಇಬ್ಬನಿ ಅಲ್ರಿ,” ಎಂದ. “ಬೆಚ್ಚಗೈತಿ.”

ಬಸವರಾಜ ತಿರುಗಿ ನೋಡಿದ. ಹನುಮಂತ ನಿಂತಿದ್ದ, ಕೈಯಲ್ಲಿ ಹೊಗೆಯಾಡುವ ಚರಿಗೆ.

ನನ್ನ ಮಗ ಕೂಗಾಡುವವನಲ್ಲ. ಮೆಲ್ಲಗೆ ಹೇಳಿದ, “ನಮ್ಮವ್ವ ಮೂರು ವಾರದಿಂದ ಹೇಳಾಕತ್ತಿದ್ಲು. ನಾ ನಂಬಿರಲಿಲ್ಲ ಹನ್ಮಂತಾ. ಮಷೀನಿನ ಕೀಲಿ ಇನ್ನ ಮುಟ್ಟಬ್ಯಾಡ. ಗಾಡಿ ಕೀಲಿನೂ ಕೊಡು, ಹೋಗು.” ಕೆಲಸಕ್ಕೆ ಓಡಾಡಲು ಅವನಿಗೆ ಕೊಟ್ಟಿದ್ದ ಮೋಟರ್‌ಸೈಕಲ್ಲಿನ ಕೀಲಿಯದು. ಹನುಮಂತ ಚರಿಗೆಯನ್ನು ಚೈನಿನ ಮೇಲೆ ಇಟ್ಟು, ಜೇಬಿಗೆ ಕೈ ಹಾಕಿದ. ನನ್ನ ಕಡೆ ನೋಡಲಿಲ್ಲ. ಆ ದಿನ ಬೇಗ ಬಂದಿದ್ದ ಟಿಪ್ಪರಿನ ಐವರು ಇಳಿದು ಬಂದು ಸುತ್ತ ನಿಂತಿದ್ದರು. ಮಧ್ಯಾಹ್ನದ ಊಟದ ಹೊತ್ತಿಗೆ ಈ ಸುದ್ದಿ ರಾಣೆಬೆನ್ನೂರು ಮುಟ್ಟುತ್ತಿತ್ತು.

ನಾನು ಆಗಲೇ ಬಾಯಿ ಬಿಟ್ಟೆ ಎಂದು ಬರೆದರೆ ಓದುವವರಿಗೆ ನನ್ನ ಮೇಲೆ ಗೌರವ ಬರುತ್ತದೆ. ಆದರೆ ಬಿಡಲಿಲ್ಲ. ಅವನು ಗೊಂಚಲಿನಿಂದ ಕೀಲಿ ಬಿಡಿಸಿದ, ಅದು ತುಕ್ಕು ಹಿಡಿದ ಬಳೆ, ಬೇಗ ಬಿಡಲಿಲ್ಲ, ಉಗುರಿನಿಂದ ಎಬ್ಬಿಸಿದ, ಅಷ್ಟೂ ಹೊತ್ತು ನಾನು ಸುಮ್ಮನಿದ್ದೆ. ಮೂರು ವಾರ ಹೇಳಿದ ಮಾತು ನಿಜವಾಗುತ್ತಿದ್ದರೆ ಅದನ್ನು ನಿಲ್ಲಿಸಲು ಮನಸ್ಸು ಬರುವುದಿಲ್ಲ, ಅದು ಸುಳ್ಳೆಂದು ಸ್ವತಃ ಗೊತ್ತಿದ್ದರೂ. ಆಮೇಲೆ ಅವನು ಕೀಲಿ ಚಾಚಿದ. ಬಸವರಾಜ ಕೈ ಮುಂದೆ ಮಾಡಿದ.

“ಬಸೂ,” ಎಂದೆ. “ಆ ಚರಿಗಿ ನಂದು.”

“ಗೊತ್ತೈತಿ ಬೇ, ನಮ್ಮ ಮನೀದು. ಅದನ್ನೂ ಕದ್ದು ತಂದಾನ.”

“ಕದ್ದಿಲ್ಲ. ನಾ ತಂದೇನಿ. ಅದರಾಗಿನ ನೀರೂ ನಂದು. ತಂತ್ಯಾಗಿನ ಖಾರಾನೂ ನಂದು.” ಸೆರಗಿನೊಳಗಿನ ಬಟ್ಟೆ ತೆಗೆದು ಅವನ ಮುಂದೆ ಹಿಡಿದೆ.

ಟಿಪ್ಪರಿನವನೊಬ್ಬ ಕೆಮ್ಮಿದ. ಮಾಲತೇಶ ಮಾತ್ರ ತನ್ನ ಕೆಲಸದಲ್ಲೇ ಇದ್ದ. ಚಿಕ್ಕ ಚಿಮುಟಿಗೆಯಿಂದ ಸಾಕೆಟ್ಟಿನ ಒಳಗೆ ಮೆತ್ತಿಕೊಂಡಿದ್ದ ಕೆಂಪು ಚೂರೊಂದನ್ನು ತೆಗೆದು ಮೂಗಿನ ಹತ್ತಿರ ಹಿಡಿದ.

“ಬಳ್ಳೊಳ್ಳಿ ಹಾಕೀರೇನ್ರಿ ಅವ್ವಾರ?”

“ಬಳ್ಳೊಳ್ಳಿ ಇಲ್ದ ರಂಜಕ ಆಕ್ಕೈತೇನು?”

“ಉಪ್ಪು?”

“ಎರಡು ಮುಟಿಗಿ. ವರ್ಷಾನಗಟ್ಟಲೆ ಕೆಡಬಾರದಲ್ಲ.”

“ಅದು ಕೆಟ್ಟಿಲ್ರಿ,” ಎಂದ ಮಾಲತೇಶ. “ಮಷೀನ ಕೆಟ್ಟೈತಿ.”

ಆಮೇಲೆ ಅವನು ಒಳಗಿನ ತಾಮ್ರದ ಕಡ್ಡಿಗಳನ್ನು ತೋರಿಸಿದ. ಹಿತ್ತಾಳೆಯ ಪಾತ್ರೆಯಲ್ಲಿ ಹುಳಿ ಇಟ್ಟರೆ ಏಳುವಂಥ ಹಸಿರು ಕಿಲುಬು ಹತ್ತಿತ್ತು. ಹಳೆಯ ಸಾಕೆಟ್ಟು ಕತ್ತರಿಸಿ ತೆಗೆದ, ಹೊಸದಕ್ಕೆ ಮೂರು ತಂತಿಗಳನ್ನೂ ಬೆಸೆದ, ರಬ್ಬರು ಕೂರಿಸಿದ. ಮತ್ತೆ ಕೀಲಿ ತಿರುಗಿಸಿದರೆ ಹೊರಗಿನ ಗಾಳಿ ಎಷ್ಟಿತ್ತೋ ಲ್ಯಾಪ್‌ಟಾಪು ಅಷ್ಟನ್ನೇ ತೋರಿಸಿತು. ಐದು ನಿಮಿಷ ಎಂಜಿನ್ ಬಿಸಿ ಮಾಡಿದರೆ ಸಾಕು, ಆಮೇಲೆ ಎಷ್ಟು ಬೇಕಾದರೂ ದುಡಿಸಿ ಎಂದು ಹೇಳಿದ. ಹೋಗುವಾಗ ಬಸವರಾಜನಿಗೆ ಇನ್ನೊಂದು ಮಾತು ಹೇಳಿದ, ನನಗೂ ಕೇಳಿಸಿತು: “ಇನ್ನ ಮ್ಯಾಲೆ ಎಲ್ಲೇ ಹೋದ್ರೂ ಮೀಟರ್ ಹಚ್ಚೂಕಿಂತ ಮೊದಲ, ಮನ್ಯಾಗ ವಯಸ್ಸಾದ ಹಿರ್‍ಯಾರು ಅದಾರೇನು ಅಂತ ಕೇಳತೇನ್ರಿ.” ಕೇಳಲಿ. ಅದು ಸರಿಯಾದ ಪ್ರಶ್ನೆಯೇ.

ಬಸವರಾಜ ಕೀಲಿಯನ್ನು ಹನುಮಂತನ ಕೈಗೆ ವಾಪಸ್ಸು ಇಟ್ಟ. ತಪ್ಪಾಯಿತು ಎಂದನೋ ಇಲ್ಲವೋ ಎಂಜಿನ್ನಿನ ಸದ್ದಿನಲ್ಲಿ ನನಗೆ ಕೇಳಲಿಲ್ಲ. ಹನುಮಂತ ಸೀಟು ಹತ್ತುವ ಮೊದಲು ನಾನು ಅವನ ಹತ್ತಿರ ಹೋದೆ.

“ನೀ ಕಣ್ಣಾರೆ ನೋಡಿದ್ದಿ. ಯಾಕ ಹೇಳಲಿಲ್ಲ?”

“ಹೇಳಿದ್ರ ಯಾರು ನಂಬ್ತಿದ್ರು ಅವ್ವಾರ?” ಎಂದ. ಸಿಟ್ಟಿನಿಂದಲ್ಲ, ಹೊತ್ತು ಎಷ್ಟಾಯಿತು ಎಂದು ಕೇಳಿದವರಿಗೆ ಹೇಳುವಂತೆ. ಹೇಳಿ ಹತ್ತಿ ಕೂತ. ನಾನು ಸ್ಟೂಲು, ಚರಿಗೆ ಎತ್ತಿಕೊಂಡು ಮನೆಗೆ ಬಂದೆ. ನಾಲ್ಕು ಹೊಲ ಆ ದಿನ ಉದ್ದವಾಗಿದ್ದವು.

ಇದಾಗಿ ಒಂದು ತಿಂಗಳು. ಮಷೀನು ಈಗ ಆರೂವರೆಗೆ ಕೀಲಿ ತಿರುಗಿಸಿದರೆ ಆರೂವರೆಗೇ ಗುಡುಗುತ್ತದೆ. ಕೀಲಿ ತಿರುಗಿಸುವವನು ಬರುವುದು ಎಂಟಕ್ಕೆ. ಬಂದು ಚಾಲೂ ಮಾಡಿ, ಎಂಜಿನ್ ಬಿಸಿಯಾಗಬೇಕೆಂದು ಅರ್ಧ ತಾಸು ದಿನ್ನೆಯ ಮೇಲೆ ಬಿಸಿಲು ಕಾಯಿಸುತ್ತ ಫೋನು ನೋಡುತ್ತಾನೆ. ಐದು ನಿಮಿಷ ಸಾಕೆಂದು ನನಗೆ ಗೊತ್ತು, ಬಸವರಾಜನಿಗೆ ಗೊತ್ತು, ಐದು ಟಿಪ್ಪರಿನವರಿಗೂ ಗೊತ್ತು. ಹನುಮಂತ ಮೈಗಳ್ಳ ಎಂದು ನಾನು ಹೇಳಿದ್ದು ಆಗಲೂ ನಿಜ, ಈಗಲೂ ನಿಜ; ಮಷೀನು ಕೆಡಿಸಿದ ಎಂದದ್ದಷ್ಟೇ ಸುಳ್ಳು. ಎರಡನ್ನೂ ಒಂದೇ ಬಾಯಿಂದ ಹೇಳಿದ್ದರಿಂದ ನಿಜವಾದದ್ದನ್ನು ಹೇಳುವ ಹಕ್ಕೂ ಹೋಯಿತು. ಬಸವರಾಜ ನನ್ನ ಮುಖ ನೋಡುತ್ತಾನೆ, ಇಂಥದ್ದನ್ನು ಎದುರಿಗೇ ಹೇಳುವ ಬಾಯಿ ಮನೆಯಲ್ಲಿ ನನ್ನದೊಂದೇ ಎಂದು. ನಿನ್ನೆ ಬುತ್ತಿ ಕೊಡಲು ಹೋಗಿ, ಹನುಮಂತ ಕೂತಿರುವುದನ್ನು ನೋಡುತ್ತ ನಿಂತೆ. ಅವನು ಫೋನಿನಿಂದ ತಲೆ ಎತ್ತಿ ಕೇಳಿದ.

“ಏನರ ಹೇಳೂದಿತ್ತೇನ್ರಿ ಅವ್ವಾರ?”

“ಏನಿಲ್ಲಪಾ,” ಎಂದೆ. “ಬಿಸಿ ಆಗ್ಲಿ.”